ಅಗಲಿಸುವ ಕೈಯಲ್ಲಿ ದಯೆ

ಶರಣಧರ್ಮವು ದಯೆಯ ಮೇಲೆ ನಿಂತಿರುವುದೆಂಬುದನ್ನು ಲಿಂಗವಂತನಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಬಸವಣ್ಣನವರು ದಯೆಯನ್ನು ಮನುಷ್ಯರ ಎಲ್ಲೆಯಲ್ಲಿ ನಿಲ್ಲಿಸದೆ ಪ್ರಾಣಿಮಾತ್ರಕ್ಕೂ ಹರಿಯಬಿಟ್ಟರು. ಬಲಿಗೆಂದು ತಂದ ಕುರಿಯು ತನಗೊದಗಲಿರುವುದನ್ನು ಅರಿಯದೆ ತೋರಣದ ಎಲೆಯನ್ನು ಮೇಯುವುದನ್ನು ಕುರಿತ ಅವರ ವಚನವು ಮನೆಮನೆಯಲ್ಲಿಯೂ ಪರಿಚಿತವಾಗಿದೆ. ಕೊಲ್ಲಬಾರದೆಂಬುದು ತಿಳಿಯಿತು; ಹಿಂಸಿಸಬಾರದೆಂಬುದೂ ತಿಳಿಯಿತು. ಇಲ್ಲಿಯವರೆಗೆ ದಾರಿ ನೇರವಾಗಿದೆ. ಆದರೆ ಎರಡು ಮೂಕಜೀವಗಳ ಹಿತವು ಒಂದಕ್ಕೊಂದು ಅಡ್ಡ ಬಂದು, ನೋವು ಕೊಡದೆ ಎರಡನ್ನೂ ಉಳಿಸುವ ಉಪಾಯವೇ ಇಲ್ಲವೆಂದಾದಾಗ ಸಾಕುವವನ ಕೈ ಏನು ಮಾಡಬೇಕು? ದಯೆಗೆ ನಿಜವಾದ ಪರೀಕ್ಷೆ ಒದಗುವುದು ಅಲ್ಲಿ. ಕುರಿಮರಿಗೆ ಹೊತ್ತಿಗೆ ಮೊದಲೇ ತಾಯಿಯ ಹಾಲು ಬಿಡಿಸುವ ಕೆಲಸವು ಅಂತಹುದೊಂದು ಎಡೆಯಾಗಿದೆ.

ವಚನಧರ್ಮದ ವಿಚಾರದಲ್ಲಿ ಕುರಿಯ ಮಾತೆತ್ತುವುದು ಕೆಲವರಿಗೆ ಅಲ್ಪವೆಂದು ತೋರಬಹುದು. ಶರಣರಿಗೆ ಹಾಗೆ ತೋರಿರಲಿಲ್ಲ. ಸಿಂದಗಿ ತಾಲೂಕಿನ ಗೋಲಗೇರಿಯಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ವೀರಗೊಲ್ಲಾಳನು ಕುರಿಗಾಹಿ. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಪೂಜಿಸಿ ಶಿವನನ್ನು ಒಲಿಸಿಕೊಂಡ ಮುಗ್ಧಭಕ್ತನೆಂದು ಆತನ ಕಥೆ ಹೇಳುತ್ತದೆ. ತುರುಗಾಹಿ ರಾಮಣ್ಣನದು ದನ ಕಾಯುವ ಕಾಯಕ. ಹಸುವಿನ ಹಿಂಡಿನ ನುಡಿಯೇ ಆತನ ವಚನಗಳಲ್ಲಿ ಅನುಭಾವದ ನುಡಿಯಾಯಿತು. ಕಾಯುವುದನ್ನೇ ಕಾಯಕವಾಗಿ ಕೈಕೊಂಡವನಿಗೆ, ತಾನು ಕಾಯುತ್ತಿರುವುದು ಹಿಂಡನ್ನೋ ಹಿಂಡಿನಿಂದ ಬರುವ ಹಣವನ್ನೋ ಎಂಬ ಪ್ರಶ್ನೆ ದಿನದಿನವೂ ಎದುರು ನಿಲ್ಲುತ್ತದೆ.

ಕನ್ನಡನಾಡಿನ ಕುರಿಗಾಹಿಯು ಎಳೆಯ ಮರಿಗಳನ್ನು ಹಟ್ಟಿಯಲ್ಲಿ ಬಿಟ್ಟು ತಾಯಿಗಳನ್ನು ಮೇಯಿಸಲು ಒಯ್ಯುತ್ತಾನೆ. ಸಂಜೆ ಮಂದೆ ಮರಳುವ ಹೊತ್ತಿಗೆ ಆ ಕಡೆಯಿಂದ ತಾಯಿ, ಈ ಕಡೆಯಿಂದ ಮರಿ ಕೂಗಿಕೊಂಡು ಓಡಿಬಂದು ಕೂಡುವುದನ್ನು ಹಳ್ಳಿಯವರೆಲ್ಲರೂ ಕಂಡಿದ್ದಾರೆ. ಇಲ್ಲಿ ಅಗಲಿಕೆಯು ಹಗಲಿನ ಮಾತು. ಆಸ್ಟ್ರೇಲಿಯಾ ದೇಶದಲ್ಲಿ ರೀತಿಯೇ ಬೇರೆ. 1797ರಲ್ಲಿ ಆಫ್ರಿಕೆಯ ದಕ್ಷಿಣದ ತುದಿಯಿಂದ ಹಡಗಿನಲ್ಲಿ ಸಿಡ್ನಿಗೆ ಬಂದಿಳಿದ ಕೆಲವೇ ಮೆರಿನೋ ಕುರಿಗಳಿಂದ ಬೆಳೆದ ಸಂತತಿಯು ಆ ಖಂಡವನ್ನೇ ಉಣ್ಣೆಯ ನಾಡನ್ನಾಗಿ ಮಾಡಿತು. ಅಲ್ಲಿಯ ದೊಡ್ಡ ಕುರಿಸಾಕಣೆಯ ಭೂಮಿಗೆ ‘ಸ್ಟೇಷನ್’ ಎಂದು ಹೆಸರು. ಸಾವಿರಾರು ಎಕರೆಗಳ ಬಯಲು, ಸುತ್ತ ತಂತಿಬೇಲಿ, ಒಳಗೆ ಸಾವಿರಗಟ್ಟಲೆ ಕುರಿ. ಜೊತೆಯಲ್ಲಿ ನಡೆಯುವ ಕುರಿಗಾಹಿಯಿಲ್ಲ. ತಾಯಿಯೂ ಮರಿಯೂ ಹಗಲಿರುಳು ಒಂದೇ ಬೇಲಿಯೊಳಗೆ ಇರುತ್ತವೆ. ಒಂದು ದಿನ ಎರಡನ್ನೂ ಬೇರೆಬೇರೆ ಬೇಲಿಗಳಿಗೆ ಹೊಡೆಯುತ್ತಾರೆ, ಅಲ್ಲಿಗೆ ಮುಗಿಯಿತು. ಸಾಮಾನ್ಯವಾಗಿ ಇದು ಮರಿಗೆ 12ರಿಂದ 14 ವಾರ ತುಂಬಿದಾಗ ನಡೆಯುವ ಕೆಲಸ. ಬರಗಾಲದಲ್ಲಿ ಮಾತ್ರ ಎಂಟನೆಯ ವಾರಕ್ಕೇ ನಡೆಯುವುದುಂಟು.

ಆ ದೇಶಕ್ಕೆ ಬರಗಾಲವು ಅಪರಿಚಿತ ಅತಿಥಿಯಲ್ಲ. 1895ರಿಂದ 1902ರವರೆಗಿನ ಮಹಾಬರದಲ್ಲಿ, ಅದಕ್ಕೂ ಕೆಲವು ವರ್ಷ ಮುಂಚೆ ಹತ್ತು ಕೋಟಿಗೆ ಮಿಕ್ಕಿದ್ದ ಕುರಿಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. 2018ರ ಆಗಸ್ಟಿನಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯವಿಡೀ ಬರಕ್ಕೆ ಸಿಕ್ಕಿದೆಯೆಂದು ಸರಕಾರವು ಸಾರಿತು. 2019ನೆಯ ವರ್ಷವು ಅಲ್ಲಿ ಲೆಕ್ಕವಿಡತೊಡಗಿದಂದಿನಿಂದ ಅತ್ಯಂತ ಶುಷ್ಕವೂ ಅತ್ಯಂತ ಉಷ್ಣವೂ ಆಯಿತು. ಇಂತಹ ವರ್ಷಗಳಲ್ಲಿ ಮೇಲಿನ ಪ್ರಶ್ನೆಯು ಬರಿಯ ತರ್ಕವಾಗಿ ಉಳಿಯುವುದಿಲ್ಲ.

ತಾಯಿಕುರಿಗೂ ಮರಿಗೂ ಇರುವ ನಂಟು ಎಂತಹುದೆಂಬುದನ್ನು ಮೊದಲು ಅರಿಯಬೇಕು. ಈದ ಒಂದೆರಡು ಗಂಟೆಗಳಲ್ಲಿ, ಒದ್ದೆಮರಿಯನ್ನು ನೆಕ್ಕುತ್ತ ನೆಕ್ಕುತ್ತ, ತಾಯಿಯು ಅದರ ವಾಸನೆಯನ್ನು ತನ್ನೊಳಗೆ ಅಚ್ಚೊತ್ತಿಕೊಳ್ಳುತ್ತದೆ. ಮುಂದೆ ಬೇರೆಯ ಮರಿ ಬಾಯಿಟ್ಟರೆ ತಲೆಯಿಂದ ಹಾಯ್ದು ದೂಡುತ್ತದೆ. ಕೆಲವೇ ದಿನಗಳಲ್ಲಿ ದನಿಯ ಗುರುತೂ ಆಗುತ್ತದೆ. ನೂರಾರು ಕೂಗುಗಳ ನಡುವೆ ತನ್ನದನ್ನು ಆರಿಸಿಕೊಳ್ಳುತ್ತದೆ. ಇಂತಹ ನಂಟನ್ನು ಕಡಿದಾಗ ಎರಡೂ ಕಡೆ ಎರಡು ಮೂರು ದಿನ ಕೂಗು ನಿಲ್ಲುವುದಿಲ್ಲ. ಪಶುವಿಗೆ ಅಷ್ಟೆಲ್ಲ ತಿಳಿಯದೆಂದು ಹೇಳಿ ಮನಸ್ಸನ್ನು ಸಮಾಧಾನಗೊಳಿಸುವವನು ಸುಳ್ಳಿನಿಂದ ಆರಂಭಿಸುತ್ತಾನೆ. ಅವನ ಮುಂದಿನ ವಿಚಾರಕ್ಕೆ ಬೆಲೆಯಿಲ್ಲ.

ಇದರ ಜೊತೆಗೆ ಇನ್ನೊಂದು ಸತ್ಯವೂ ಇದೆ. ಯಾರೂ ಕೈಯಿಡದೆ ಬಿಟ್ಟರೂ ತಾಯಿಯೇ ಒಂದು ದಿನ ಹಾಲು ಬಿಡಿಸುತ್ತದೆ. ಮೊದಲು ಕೂಗಿ ಕರೆದು ಉಣಿಸುತ್ತಿದ್ದ ತಾಯಿಯು ವಾರಗಳು ಕಳೆದಂತೆ, ಮರಿ ಕೆಚ್ಚಲಿಗೆ ಗುದ್ದುತ್ತಿರುವಾಗಲೇ ಕಾಲೆತ್ತಿ ಮುಂದೆ ನಡೆದುಬಿಡುತ್ತದೆ. ಹಾಲು ಹೆಚ್ಚು ಇರುವುದು ಈದ ಮೂರು ನಾಲ್ಕು ವಾರಗಳ ಹೊತ್ತಿಗೆ. ಆಮೇಲೆ ಇಳಿಯುತ್ತ ಹೋಗುತ್ತದೆ. ಇತ್ತ ಮರಿಯ ಹೊಟ್ಟೆಯೂ ಬದಲಾಗುತ್ತದೆ. ಹುಟ್ಟಿದಾಗ ಹಾಲು ಜೀರ್ಣಿಸುವ ಚೀಲವೇ ದೊಡ್ಡದು. ಮೇವು ಹುದುಗಿ ಮೆಲುಕಿಗೆ ಬರುವ ಚೀಲವು ಹೆಸರಿಗೆ ಮಾತ್ರ ಇರುತ್ತದೆ. ಹುಲ್ಲಿನ ಎಸಳನ್ನೂ ಕಾಳನ್ನೂ ಕಡಿಯತೊಡಗಿದಂತೆ ಈ ಚೀಲ ಬೆಳೆದು, ಆರರಿಂದ ಎಂಟು ವಾರಗಳ ಹೊತ್ತಿಗೆ ಕೆಲಸಕ್ಕೆ ಸಮರ್ಥವಾಗುತ್ತದೆ. ಅಗಲಿಕೆಯು ಸೃಷ್ಟಿಯಲ್ಲಿಯೇ ಇದೆ. ಅದನ್ನು ಮನುಷ್ಯನು ಎಷ್ಟು ಮುಂದಕ್ಕೆ ಎಳೆಯಬಹುದು, ಯಾವ ಹಕ್ಕಿನಿಂದ ಎಳೆಯಬಹುದು, ಇದಷ್ಟೇ ವಿಚಾರಿಸಬೇಕಾದುದು.

ಹುಲ್ಲು ಮುಗಿದ ಬಯಲಿನಲ್ಲಿ ಹಾಲೂಡುವ ಕುರಿಯ ಅವಸ್ಥೆ ಹೀಗಿರುತ್ತದೆ. ಬರಡು ಕುರಿಯೊಂದು ಜೀವ ಹಿಡಿದುಕೊಳ್ಳಲು ಎಷ್ಟು ಮೇವು ಬೇಕೋ, ಮೊಲೆಯೂಡುವ ಕುರಿಗೆ ಅದರ ಎರಡರಷ್ಟಕ್ಕೂ ಮಿಗಿಲಾಗಿ ಬೇಕು. ಅಷ್ಟು ದೊರೆಯದಿದ್ದರೂ ತಾಯಿಯು ಮೊದಮೊದಲು ಹಾಲನ್ನು ನಿಲ್ಲಿಸುವುದಿಲ್ಲ. ತನ್ನ ಮೈಯ ಕೊಬ್ಬನ್ನೂ ಮಾಂಸವನ್ನೂ ಕರಗಿಸಿ ಕೊಡುತ್ತದೆ. ಕೊಂಡು ತಂದ ಕಾಳನ್ನು ತಾಯಿಗೆ ಹಾಕಿ ಹಾಲಾಗಿ ಮರಿಗೆ ಮುಟ್ಟಿಸುವುದಕ್ಕಿಂತ, ಕಾಳನ್ನು ನೇರವಾಗಿ ಮರಿಗೇ ಹಾಕಿದರೆ ಕಡಿಮೆಯಲ್ಲಿ ಹೆಚ್ಚು ನಡೆಯುತ್ತದೆ. ಅಗಲಿಸಿದರೆ ತಾಯಿ ಅರ್ಧಕ್ಕೂ ಕಡಿಮೆ ಮೇವಿನಲ್ಲಿ ಬದುಕೀತು, ಮರಿ ತನ್ನ ಪಾಲಿನ ಕಾಳಿನಿಂದ ಬದುಕೀತು. ಅಗಲಿಸದಿದ್ದರೆ ಮೊದಲು ತಾಯಿ ಬೀಳುತ್ತದೆ. ತಾಯಿ ಬಿದ್ದ ಬಳಿಕ, ಕಾಳು ತಿನ್ನಲು ಕಲಿಯದ ಮರಿ ಅದರ ಮಗ್ಗುಲಲ್ಲಿಯೇ ಬೀಳುತ್ತದೆ.

ಈಗ ಇಬ್ಬರು ಒಡೆಯರನ್ನು ಊಹಿಸಿಕೊಳ್ಳಬಹುದು. ಮೊದಲನೆಯವನದು ಮೆತ್ತನೆಯ ಮನಸ್ಸು. ಮರಿಗಳ ಕೂಗನ್ನು ಅವನು ಕೇಳಲಾರ. ಶಿವನಿಟ್ಟಂತೆ ಆಗಲಿ ಎಂದು ತಾಯಿಮರಿಗಳನ್ನು ಕೂಡಿಯೇ ಬಿಡುತ್ತಾನೆ. ಎರಡನೆಯವನು ಕಣ್ಣೊರಸಿಕೊಳ್ಳದೆ ಬಾಗಿಲು ಹಾಕಿ ಅಗಲಿಸುತ್ತಾನೆ. ನೋಡಿದವರು ಮೊದಲನೆಯವನನ್ನು ದಯಾಳು ಎಂದಾರು, ಎರಡನೆಯವನನ್ನು ಕಲ್ಲೆದೆಯವನೆಂದಾರು. ಆದರೆ ಮೊದಲನೆಯವನು ತಪ್ಪಿಸಿಕೊಂಡುದು ಏನನ್ನು? ಮರಿಯ ದುಃಖವನ್ನಲ್ಲ, ಅದು ಮೂರು ವಾರ ತಡೆದು, ಹಸಿವಾಗಿ ಬಂತು. ಆ ದುಃಖವನ್ನು ಕೇಳುವ ತನ್ನ ಕಿವಿಯ ನೋವನ್ನು ಮಾತ್ರ ಅವನು ತಪ್ಪಿಸಿಕೊಂಡನು. ಶರಣರು ಹೇಳಿದ ದಯೆ ಇದಲ್ಲ. ಅವರ ದಯೆಗೆ ಅರಿವು ಕಣ್ಣಾಗಿತ್ತು. ಅರಿವಿಲ್ಲದ ಮರುಕವು ಮರುಗುವವನ ಸುತ್ತಲೇ ಸುತ್ತುತ್ತದೆ. ಎದುರಿನ ಜೀವದ ಹೊಟ್ಟೆಯವರೆಗೆ ಅದು ಹೋಗುವುದಿಲ್ಲ. ಮಗುವಿಗೆ ಕಹಿಮದ್ದು ಕುಡಿಸಲಾರದ ತಾಯಿಯನ್ನು ಲೋಕವು ಮುದ್ದಿನ ತಾಯಿ ಎನ್ನುತ್ತದೆಯೇ ಹೊರತು ಹಿತವರಿತ ತಾಯಿ ಎನ್ನುವುದಿಲ್ಲ.

ಇಷ್ಟರಿಂದ ಎರಡನೆಯವನು ಗೆದ್ದನೆಂದು ತಿಳಿಯಬಾರದು. ಬಾಗಿಲು ಹಾಕುವುದು ಒಂದು ಗಳಿಗೆಯ ಕೆಲಸ. ಅದಕ್ಕೆ ಮೊದಲು ಅವನೇನು ಮಾಡಿದ್ದನು, ಆಮೇಲೆ ಏನು ಮಾಡುವನು ಎಂಬುದರಲ್ಲಿ ಅವನ ನಡೆ ಬಯಲಾಗಬೇಕು. ಬಲ್ಲ ಕುರಿಸಾಕಣೆಯವರು ಅಗಲಿಸುವುದಕ್ಕೆ ಎರಡು ಮೂರು ವಾರ ಮುಂಚಿತವಾಗಿಯೇ, ಮರಿಗಳು ಇನ್ನೂ ತಾಯಿಯ ಜೊತೆಯಲ್ಲಿರುವಾಗಲೇ, ನೆಲದ ಮೇಲೆ ಕಾಳು ಚೆಲ್ಲುತ್ತಾರೆ. ತಾಯಿ ತಿನ್ನುವುದನ್ನು ಕಂಡು ಮರಿ ಮೂತಿಯಿಡುತ್ತದೆ. ತಾಯಿಯ ಬಳಿಯಲ್ಲಿ ಹೀಗೆ ಕಲಿತುದನ್ನು ಕುರಿಯು ವರ್ಷಗಳ ಬಳಿಕವೂ ಮರೆಯುವುದಿಲ್ಲವೆಂದು ಅಲ್ಲಿಯ ಪರೀಕ್ಷೆಗಳಿಂದ ತಿಳಿದುಬಂದಿದೆ. ತಾಯಿಯಿಲ್ಲದೆ ಕಾಳಿನ ಮುಂದೆ ನಿಂತ ಮರಿಗಳಲ್ಲಿ ಕೆಲವು ಕಾಳಿನ ರಾಶಿಯ ಎದುರಿನಲ್ಲಿಯೇ ಉಪವಾಸ ಬೀಳುತ್ತವೆ. ತಾಯಿಯು ತನ್ನ ಹಾಲಿನ ಬಳಿಕ ಮರಿಗೆ ಕೊಡುವ ಕಡೆಯ ತುತ್ತು ಈ ಕಲಿಕೆಯೇ. ಅದನ್ನು ಕೊಡಲು ಅವಕಾಶ ಮಾಡದೆ ಅಗಲಿಸುವವನು ಹಾಲಿಗಿಂತ ಹೆಚ್ಚಿನದನ್ನು ಕಿತ್ತುಕೊಂಡಂತಾಯಿತು.

ಇನ್ನುಳಿದುದೂ ಸಣ್ಣ ಕೆಲಸವಲ್ಲ. ಎಂಟು ವಾರ ತುಂಬದ, ಹತ್ತು ಕಿಲೋ ತೂಗದ ಮರಿಯನ್ನು ಬಿಡಿಸಿದರೆ ಅದು ಉಳಿಯುವುದು ಕಷ್ಟ. ಆದುದರಿಂದ ತೂಗಿ ನೋಡಬೇಕು, ಸಣ್ಣವನ್ನು ಬೇರೆಮಾಡಿ ಅವಕ್ಕೆ ಹೆಚ್ಚಿನ ಆರೈಕೆ ಮಾಡಬೇಕು. ಕಾಳನ್ನು ಒಮ್ಮೆಲೇ ಸುರಿದರೆ ಹೊಟ್ಟೆ ಹುಳಿತು ಮರಿ ಸಾಯುತ್ತದೆ. ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಏರಿಸಬೇಕು, ಜೊತೆಗೆ ಒಣಹುಲ್ಲೂ ಬೇಕು. ಬೆಳೆಯುವ ಮೈಗೆ ಗೋಧಿಯೊಂದೇ ಸಾಲದೆಂದು ಲೂಪಿನ್ ಎಂಬ ದ್ವಿದಳದ ಕಾಳನ್ನು ಕೂಡಿಸುತ್ತಾರೆ. ಅಗಲಿಸುವಾಗ ಮರಿಗಳನ್ನು ಪರಿಚಯದ ಬೇಲಿಯೊಳಗೇ ಉಳಿಸಿ ತಾಯಿಗಳನ್ನು ದೂರ ಒಯ್ಯುವುದು ಲೇಸು, ಏಕೆಂದರೆ ಮರಿಗೆ ನೀರು ಎಲ್ಲಿದೆ, ನೆರಳು ಎಲ್ಲಿದೆ ಎಂಬುದಾದರೂ ಗೊತ್ತಿರುತ್ತದೆ. ತಾಯಿಯನ್ನೂ ನೆಲೆಯನ್ನೂ ಒಂದೇ ದಿನ ಕಳೆದುಕೊಳ್ಳುವುದು ತಪ್ಪುತ್ತದೆ. ಮರಿಗಳ ಗುಂಪಿನಲ್ಲಿ ಒಂದೆರಡು ಹಳೆಯ ಕುರಿಗಳನ್ನು ಬಿಡುವ ಪದ್ಧತಿಯೂ ಇದೆ. ಅವು ತಾಯಿಗಳಲ್ಲ, ಹಾಲು ಕೊಡವು. ನೀರಿನ ಕಡೆಗೆ ಮುಂದಾಗಿ ನಡೆಯುತ್ತವೆ, ಅಷ್ಟೇ ಸಾಕಾಗುತ್ತದೆ. ಅತ್ತ ತಾಯಿಯ ಕೆಚ್ಚಲು ತುಂಬಿ ಬಾವು ಬರದಂತೆ ಕೆಲವು ದಿನ ಅದರ ಮೇವನ್ನು ಇಳಿಸಿ ಹಾಲು ಬತ್ತಿಸಬೇಕು. ಇದೆಲ್ಲವನ್ನೂ ಬಿಸಿಲಿನಲ್ಲಿ, ಧೂಳಿನಲ್ಲಿ, ಸಾಲದ ಕಾಳಿನಿಂದ ಮಾಡುವವನ ಕೆಲಸಕ್ಕೆ ಕಾಯಕವೆಂಬ ಹೆಸರು ಸಲ್ಲುತ್ತದೆ. ಅವನು ವಚನಗಳ ಹೆಸರನ್ನೂ ಕೇಳಿರಲಿಕ್ಕಿಲ್ಲ. ಕಾಯಕವು ಹೆಸರನ್ನು ಕೇಳುವುದೂ ಇಲ್ಲ.

ಆದರೆ ಈ ವಿದ್ಯೆಗೆ ಇನ್ನೊಂದು ಮುಖವಿದೆ. ಎಂಟು ವಾರಕ್ಕೆ ಮರಿ ಬದುಕಬಲ್ಲುದೆಂದು ತಿಳಿದ ಮೇಲೆ, ಬರವಿಲ್ಲದ ಕಾಲದಲ್ಲಿಯೂ ಏಕೆ ಬಿಡಿಸಬಾರದೆಂದು ಲಾಭದ ಬುದ್ಧಿ ಕೇಳುತ್ತದೆ. ಕುರಿಯ ಗಬ್ಬದ ಅವಧಿ ಸುಮಾರು 150 ದಿನ. ಮರಿಯನ್ನು ಬೇಗ ಬಿಡಿಸಿದರೆ ತಾಯಿಗೆ ಬೇಗ ಟಗರನ್ನು ಕೊಡಿಸಬಹುದು. ವರ್ಷಕ್ಕೊಂದು ಸೂಲಿನ ಬದಲು ಎರಡು ವರ್ಷಕ್ಕೆ ಮೂರು ಸೂಲು ಪಡೆಯಬಹುದು. ಹಲವು ದೇಶಗಳಲ್ಲಿ ಇಂತಹ ಪದ್ಧತಿ ನಡೆದಿದೆ. ಫ್ರಾನ್ಸಿನ ರೋಕ್‌ಫೋರ್ ಸೀಮೆಯಲ್ಲಿ ಕುರಿಯ ಹಾಲಿನಿಂದ ಹೆಸರಾಂತ ಗಿಣ್ಣು, ಅಂದರೆ ಚೀಸು, ಮಾಡುತ್ತಾರೆ. ಅದಕ್ಕಾಗಿ ಮರಿಯನ್ನು ತಿಂಗಳ ಆಚೀಚೆಯಲ್ಲಿಯೇ ಬಿಡಿಸಿ ಕೆಚ್ಚಲನ್ನು ಹಾಲು ಹಿಂಡುವ ಯಂತ್ರಕ್ಕೆ ಒಪ್ಪಿಸುತ್ತಾರೆ. ಬರಗಾಲದ ಒಡೆಯನು ಮಾಡಿದ ಕೆಲಸವೂ ಇವರು ಮಾಡಿದ ಕೆಲಸವೂ ಹೊರಗಣ್ಣಿಗೆ ಒಂದೇ. ಅದೇ ಬೇಲಿ, ಅದೇ ಕೂಗು. ಕೂಗಿನಿಂದ ಭೇದವನ್ನು ಅರಿಯಲಾಗದು. ಮೊದಲನೆಯದರಲ್ಲಿ ಅಗಲಿಕೆಯಿಂದ ಬಂದ ಉಳಿತಾಯವು ತಾಯಿಯ ಮೈಗೂ ಮರಿಯ ಬಾಯಿಗೂ ಮರಳಿ ಸೇರಿತು. ಎರಡನೆಯದರಲ್ಲಿ ಅದು ಒಡೆಯನ ಕೈಚೀಲಕ್ಕೆ ಹೋಯಿತು. ತಾಯಿಗೆ ಉಳಿದುದು ಇನ್ನೊಂದು ಸೂಲಿನ ಭಾರ.

ಹಾಗೆಂದು ಎರಡನೆಯವರನ್ನೆಲ್ಲ ಪಾಪಿಗಳೆಂದು ಒಂದೇ ಮಾತಿನಲ್ಲಿ ಕಳೆಯುವುದೂ ನ್ಯಾಯವಲ್ಲ. ಅವರಲ್ಲಿಯೂ ಮರಿಯನ್ನು ತೂಗುವವರಿದ್ದಾರೆ, ತಾಯಿಯ ಮೈ ತುಂಬುವವರೆಗೆ ಟಗರನ್ನು ತಡೆಯುವವರಿದ್ದಾರೆ. ಬರಗಾಲದ ಒಡೆಯನಿಗೂ ಲಾಭದ ಲೆಕ್ಕ ಇಲ್ಲದಿಲ್ಲ. ತಾಯಿಕುರಿ ಉಳಿದರೆ ಮುಂದಿನ ವರ್ಷದ ಉಣ್ಣೆಯೂ ಉಳಿಯುತ್ತದೆ. ಶರಣರು ಗಳಿಕೆಯನ್ನು ನಿಂದಿಸಲಿಲ್ಲ. ಗಳಿಕೆಯು ಸತ್ಯಶುದ್ಧವಾಗಿರಬೇಕೆಂದರು, ತನಗೆ ಬೇಕಾದುದಕ್ಕೆ ಮಿಕ್ಕುದು ದಾಸೋಹಕ್ಕೆ ಸಲ್ಲಬೇಕೆಂದರು. ಹಿಂಡಿನಿಂದ ಬಂದುದರಲ್ಲಿ ಹಿಂಡಿನ ಪಾಲೆಷ್ಟು ಎಂದು ಕೇಳಿಕೊಳ್ಳುವ ಕುರಿಯೊಡೆಯನು ದಾಸೋಹದ ಮೊದಲನೆಯ ಪಾಠದಲ್ಲಾದರೂ ಇದ್ದಾನೆ.

ಇಲ್ಲಿ ಸದ್ಭಕ್ತನೊಬ್ಬನು ಎತ್ತಬಹುದಾದ ಆಕ್ಷೇಪವೊಂದುಂಟು, ಅದು ಎಲ್ಲಕ್ಕಿಂತ ಕಠಿಣವಾದುದು. ಇಷ್ಟೆಲ್ಲ ಜತನದಿಂದ ಉಳಿಸಿದ ಮರಿಯ ಗತಿ ಕೊನೆಗೆ ಏನು? ಹೆಣ್ಣುಮರಿಗಳಲ್ಲಿ ಬಹಳವು ಹಿಂಡಿಗೆ ಸೇರುತ್ತವೆ. ಗಂಡುಮರಿಗಳಲ್ಲಿ ಕೆಲವು ಉಣ್ಣೆಗಾಗಿ ವರ್ಷಗಳ ಕಾಲ ಉಳಿಯುತ್ತವೆ, ಬಹಳವು ತಿಂಗಳುಗಳಲ್ಲಿಯೇ ಕಟುಕನ ಮನೆಗೆ ಹೋಗುತ್ತವೆ. ಕೊಲ್ಲುವುದಕ್ಕಾಗಿ ಉಳಿಸುವುದಕ್ಕೆ ದಯೆಯೆಂಬ ಹೆಸರು ಹೇಗೆ ಸಲ್ಲುತ್ತದೆ? ಈ ಮಾತನ್ನು ಜಾಣ್ಮೆಯಿಂದ ಸುತ್ತಿಹೋಗಬಾರದು. ಲಿಂಗವಂತನ ಆಚಾರವು ಆ ಕೊಲೆಯನ್ನು ಒಪ್ಪದು. ಮೊದಲು ಉಣಿಸಿದ್ದೇನೆಂಬುದು ಕೊನೆಯ ಕತ್ತಿಗೆ ಸಮಜಾಯಿಷಿಯಾಗದು. ಆದರೆ ಮುಂದೆ ಕತ್ತಿ ಇದೆಯೆಂಬ ಕಾರಣದಿಂದ ಇಂದಿನ ಹಸಿವು ಸುಳ್ಳಾಗುವುದೂ ಇಲ್ಲ. ತೋರಣದ ಎಲೆಯನ್ನು ಮೇಯುವ ಹೊತ್ತಿನಲ್ಲಿ ಆ ಕುರಿಗೆ ಹಸಿವೆ ನಿಜ, ಎಲೆಯ ರುಚಿಯೂ ನಿಜ. ಸಾಯಲಿರುವುದೆಂದು ಉಪವಾಸ ಕೆಡವುವವನು ಒಂದು ಕ್ರೌರ್ಯಕ್ಕೆ ಎರಡನ್ನು ಕೂಡಿಸುತ್ತಾನೆ. ಎಂತಲೇ ಅಲ್ಲಿಯ ಒಡೆಯನ ಲೆಕ್ಕದಲ್ಲಿ ಎರಡು ಬರಹಗಳು ಬೇರೆಬೇರೆಯಾಗಿ ಉಳಿಯುತ್ತವೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಈ ಲೆಕ್ಕದಲ್ಲಿ ಇಲ್ಲಿಯ ಗೃಹಸ್ಥನ ಹೆಸರಿಲ್ಲವೇ? ಮಾಂಸವನ್ನು ಮುಟ್ಟದವನು ತನಗೂ ಕಡಲಾಚೆಯ ಕುರಿಗೂ ಸಂಬಂಧವಿಲ್ಲವೆಂದು ತಿಳಿಯುವುದು ಸಹಜ. ಆದರೆ ಭಾರತವು ಆಸ್ಟ್ರೇಲಿಯಾದ ಮೆರಿನೋ ಉಣ್ಣೆಯನ್ನು ಕೊಳ್ಳುವ ದೇಶಗಳಲ್ಲೊಂದು. ಮದುವೆಗೆ ಹೊಲಿಸಿದ ನಯವಾದ ಕೋಟಿನಲ್ಲಿ, ಮಾಗಿಯ ಚಳಿಗೆ ಹೊದ್ದ ಶಾಲಿನಲ್ಲಿ ಆ ಬಯಲಿನ ಎಳೆಯಿರಬಹುದು. ಕೊಂಡುಕೊಳ್ಳುವವನಿಗೆ ಆ ಕೂಗು ಕೇಳಿಸುವುದಿಲ್ಲ. ಅಂಗಡಿಯಲ್ಲಿ ಬಟ್ಟೆಯ ದರವೊಂದೇ ಕೇಳಿಸುತ್ತದೆ. ಬರಗಾಲದಲ್ಲಿ ಮರಿಗೆ ಕಾಳು ಹಾಕಿದವನ ಉಣ್ಣೆಯೂ ಹಾಕದವನ ಉಣ್ಣೆಯೂ ಅಲ್ಲಿ ಒಂದೇ ಬೆಲೆಗೆ ಮಾರಾಟವಾಗಬಹುದು.

ದೂರದ ಕೂಗು ಕೇಳದಿದ್ದರೆ ಹತ್ತಿರದ ಕೂಗೊಂದುಂಟು. ಅಂಬಾ ಎನ್ನುವ ಕರುವನ್ನು ಬಿಟ್ಟು, ನಾಲ್ಕು ಗುಟುಕು ಕುಡಿದು ತಾಯಿ ಸೊರೆ ಬಿಟ್ಟೊಡನೆ ಅದನ್ನು ಎಳೆದು ಗೂಟಕ್ಕೆ ಕಟ್ಟಿ, ಚೆಂಬಿಗೆ ಹಾಲು ಕರೆಯುವುದು ಹಳ್ಳಿಯ ಮನೆಮನೆಯ ಮುಂಜಾವಿನ ಕೆಲಸ. ಆ ಹಾಲಿನಿಂದ ಪೂಜೆಯಾಗುತ್ತದೆ, ನೈವೇದ್ಯವಾಗುತ್ತದೆ, ಜಂಗಮನಿಗೆ ಮಜ್ಜಿಗೆಯಾಗುತ್ತದೆ. ಅರ್ಪಿಸಿದುದು ಪ್ರಸಾದವಾಗುವುದೆಂಬುದರಲ್ಲಿ ಸಂದೇಹವಿಲ್ಲ. ಅರ್ಪಿಸುವುದಕ್ಕೆ ಮುಂಚೆ ಅದು ಯಾರ ಪಾಲಾಗಿತ್ತೆಂಬುದನ್ನು ಮಾತ್ರ ಪೂಜೆಯ ಕೋಣೆಯಲ್ಲಿ ನಿಂತು ತಿಳಿಯಲಾಗದು. ಕೆಲವು ಮನೆಗಳಲ್ಲಿ ಹಿರಿಯರು ಒಂದು ಮೊಲೆಯನ್ನು ಕರುವಿಗೆಂದೇ ಬಿಡುತ್ತಾರೆ, ಕರು ಮೇವು ಹಿಡಿಯುವವರೆಗೆ ಹೆಚ್ಚನ್ನೂ ಬಿಡುತ್ತಾರೆ. ಕೆಲವು ಮನೆಗಳಲ್ಲಿ ಡೇರಿಗೆ ಹಾಕುವ ಹಾಲಿನ ಲೆಕ್ಕ ಬಂದಂದಿನಿಂದ ನಾಲ್ಕೂ ಮೊಲೆಗಳನ್ನು ಕಡೆಯ ಹನಿಯವರೆಗೆ ಹಿಂಡಿ ಕರುವನ್ನು ಬಿಡುವುದಾಗಿದೆ. ಬತ್ತಿದ ಕೆಚ್ಚಲಿಗೆ ಅದು ಗುದ್ದಿ ಗುದ್ದಿ ನೋಡುತ್ತದೆ. ಚೆಂಬಿನಲ್ಲಿರುವುದು ಎಷ್ಟೆಂದು ಮನೆಯವರೆಲ್ಲರೂ ಕಾಣುತ್ತಾರೆ. ಕರುವಿಗೆ ಉಳಿದುದೆಷ್ಟೆಂಬುದು, ಬೆಳಕು ಹರಿಯುವ ಮುನ್ನ ಕೊಟ್ಟಿಗೆಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಹಾಲು ಕರೆದವರಿಗೆ ಗೊತ್ತು, ಕರುವಿಗೆ ಗೊತ್ತು.